ಒಂದು ಎಕರೆ ಮುಯ್ಯಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮಿಕ್ಕಿದ್ದು ಹೇಳೋದು ಸಲೀಸು.

ಹೋದ ವರ್ಷ ಆಗಸ್ಟಿನಲ್ಲಿ ಅರಸೀಕೆರೆಯ ನಮ್ಮ ಕಚೇರಿಗೆ ಒಂದು ಕಡತ ಬಂತು. ಸರ್ಕಾರದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಸಹಕಾರ ನೀತಿಯ ಪ್ರಕಾರ ನಮ್ಮ ಕಡೆಯ ಎಂಟು ಜನರ ತಮಟೆ ತಂಡ ಲಿಥುವೇನಿಯಾ ಅನ್ನೋ ದೇಶಕ್ಕೆ ಹೋಗಬೇಕು, ಅಲ್ಲಿಯ ಹಾಡುಗಾರರ ತಂಡ ಇಲ್ಲಿಗೆ ಬರಬೇಕು. ತಂಡದ ಮುಖ್ಯಸ್ಥರು ಕರಿಯಯ್ಯ, ಅಂದರೆ ನನ್ನ ಮಾವ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಬೆಂಗಳೂರಲ್ಲಿ ಯಾರೋ ವಿಡಿಯೋ ನೋಡಿ ಆರಿಸಿದ್ದು. ನಾನು ಎರಡನೇ ದರ್ಜೆ ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುವವಳು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಎಂಟೂ ಜನ ವರಾಂಡದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎರಡು ಪುಟ ಸರಾಗವಾಗಿ ಸಾಗಿತು. ಮೂರನೇ ಪುಟದಲ್ಲಿ ‘ಸಮಾನತೆ ಮತ್ತು ಪರಸ್ಪರತೆಯ ಆಧಾರದ ಮೇಲೆ’ ಅನ್ನುವಲ್ಲಿ ಸಿಕ್ಕಿಹಾಕಿಕೊಂಡೆ.

“ಸಮಾನತೆ ಗೊತ್ತು,” ಅಂದರು ಮಾವ. “ಇನ್ನೊಂದೇನವ್ವ ಅದು?”

“ಪರಸ್ಪರತೆ, ಮಾವ. ನಾವು ಅವರಲ್ಲಿಗೆ ಹೋಗೋದು, ಅವರು ನಮ್ಮಲ್ಲಿಗೆ ಬರೋದು. ವಿನಿಮಯ ಅಂತಾರಲ್ಲ.”

ಪಕ್ಕದಲ್ಲಿದ್ದ ಹುಚ್ಚಣ್ಣನಿಗೆ ಅನುಮಾನ ಬಂತು. “ಉದ್ಯೋಗ ವಿನಿಮಯ ಅಂತಿತ್ತಲ್ಲ, ಹೆಸರು ಬರೆಸಿ ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಕರೆದಿಲ್ಲ. ಇದೂ ಹಂಗೇನಾ?”

ಅವತ್ತು ಮೂರೂವರೆಗೆ ನನ್ನ ಮಗಳು ಹರ್ಷಿತಾಳ ಶಾಲೆಯಲ್ಲಿ ಪೋಷಕರ ಸಭೆ. ಹಿಂದಿನ ಎರಡು ಸಭೆಗಳಿಗೆ ಹೋಗಿರಲಿಲ್ಲ. ಗಡಿಯಾರದಲ್ಲಿ ಮೂರು ಹತ್ತು. ನಾನು ಆಡಬಾರದ ಮಾತು ಆಡಿದೆ.

“ಮುಯ್ಯಿ ಮಾವ. ಮುಯ್ಯಾಳು ಇದ್ದಂಗೆ.”

ಎಂಟೂ ಮುಖ ಒಟ್ಟಿಗೆ ಅರಳಿದವು. “ಹಂಗ್ ಹೇಳು ಮತ್ತೆ,” ಅಂತ ಮಾವ ಪೆನ್ನು ಇಸಕೊಂಡರು. ಐದು ನಿಮಿಷದಲ್ಲಿ ಎಲ್ಲರ ಸಹಿ ಬಿತ್ತು. ನಾನು ಸಭೆಗೂ ಹೋಗಿ ತಲುಪಿದೆ.

ಮುಯ್ಯಾಳು ಅಂದರೆ ಪೇಟೆಯಲ್ಲಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಹೊಲದ ಕೊಯ್ಲಿಗೆ ನಾನು ಒಂದು ದಿನ ಬಂದರೆ ನನ್ನ ಹೊಲದ ಕೊಯ್ಲಿಗೆ ನೀವು ಒಂದು ದಿನ ಬರಬೇಕು. ಕೂಲಿ ಇಲ್ಲ, ಹೊಲದವರು ಊಟ ಹಾಕಬೇಕು ಅಷ್ಟೆ. ಆಳಿಗೆ ಆಳು. ಮನೆಯಿಂದ ಯಾರು ಬಂದರೂ ನಡೆಯುತ್ತದೆ, ಆದರೆ ಬರಲೇಬೇಕು.

ಸೆಪ್ಟೆಂಬರಿನಲ್ಲಿ ಅವರು ಹೋಗಿ ಹತ್ತು ದಿನ ಇದ್ದು ಬಂದರು. ಮೂರು ಕಡೆ ಬಾರಿಸಿದರಂತೆ. ಅಲ್ಲಿ ತಮಟೆ ಕಾಯಿಸಲು ಬೆಂಕಿ ಹಾಕಲು ಬಿಡದೆ ತಲೆಕೂದಲು ಒಣಗಿಸುವ ಯಂತ್ರ ಕೊಟ್ಟರಂತೆ. ಇದನ್ನು ಹುಚ್ಚಣ್ಣ ಊರೆಲ್ಲ ಹೇಳಿಕೊಂಡು ಬಂದ. ಮಾವ ಮಾತ್ರ ವೇದಿಕೆಯ ಸುದ್ದಿ ಅಷ್ಟಾಗಿ ಎತ್ತುತ್ತಿರಲಿಲ್ಲ. ಅವರ ಬಾಯಲ್ಲಿ ಬರೀ ಆಲೂಗಡ್ಡೆ. ಕಾರ್ಯಕ್ರಮ ಇಲ್ಲದ ಒಂದು ದಿನ ಇವರನ್ನು ಅಲ್ಲಿಯ ತಂಡದ ಹಿರಿಯಾಕೆ ಅಲ್ದೋನಾ ತನ್ನ ಊರಿಗೆ ಕರೆದುಕೊಂಡು ಹೋಗಿದ್ದಳು. ಅವಳ ತಮ್ಮನ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ಇವರು ಕೈಕಟ್ಟಿ ನೋಡುತ್ತ ನಿಲ್ಲುವ ಜನವಲ್ಲ. ಎಂಟೂ ಜನ ಹೊಲಕ್ಕಿಳಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಕಿತ್ತಿದ್ದರು. ನನ್ನ ಗಂಡ ನಟರಾಜ್ ಕೊಡಿಸಿದ್ದ ಉಣ್ಣೆ ಟೋಪಿ ಹಾಕಿಕೊಂಡು ಮಾವ ಮಣ್ಣಿನಲ್ಲಿ ಕೂತಿರುವ ಫೋಟೋ ನಮ್ಮ ನಡುಮನೆಯಲ್ಲಿ, ಬುದ್ಧನ ಪಟದ ಪಕ್ಕದಲ್ಲೇ ಇದೆ. ಹೈಸ್ಕೂಲು ಮೇಷ್ಟ್ರಾದ ನಟರಾಜ್‌ಗೆ ತಮಟೆ ಅಂದರೆ ಅಷ್ಟಕ್ಕಷ್ಟೆ. ಸಾವಿನ ಮನೆಗೆ ಕರೆದು ಹಿತ್ತಲಲ್ಲಿ ಎಲೆ ಹಾಕುತ್ತಿದ್ದುದನ್ನು ಅವನು ಚಿಕ್ಕವನಿದ್ದಾಗ ನೋಡಿದ್ದಾನೆ. ಆ ಫೋಟೋವನ್ನು ಮಾತ್ರ ಅವನೇ ಫ್ರೇಮು ಹಾಕಿಸಿದ.

ಡಿಸೆಂಬರ್ ಮೊದಲ ವಾರ ಲಿಥುವೇನಿಯಾದವರ ಕಾರ್ಯಕ್ರಮದ ಪಟ್ಟಿ ಬಂತು. ಒಂದು ದಿನ ಬೆಳಿಗ್ಗೆ ಹಳೇಬೀಡು, ಮಧ್ಯಾಹ್ನ ಬೇಲೂರು. ಮಾರನೇ ದಿನ ಬೆಳಿಗ್ಗೆ ಹಾಸನದಲ್ಲಿ ಖರೀದಿ, ಸಂಜೆ ಅರಸೀಕೆರೆಯಲ್ಲಿ ಹಾಡು. ಅತಿಥಿಗಳ ಜೊತೆ ಭಾಷಾಂತರಕ್ಕೆ ನಾನು. ನಂಬರು ಹಾಕಿ ಮುಚ್ಚಿಟ್ಟೆ.

ಆ ಭಾನುವಾರ ಗಂಡಸಿ ಹತ್ತಿರದ ನಮ್ಮೂರಿಗೆ ಹೋದೆ. ಅಲ್ಲಿ ಮಾವ, ಅತ್ತೆ ದ್ಯಾವಮ್ಮ ಇದ್ದಾರೆ. ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದುಬರುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಎಡಕ್ಕೂ ಬಲಕ್ಕೂ ಎಲ್ಲರ ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿಯಾಗಿತ್ತು. ನಡುವೆ ನಮ್ಮ ಒಂದು ಎಕರೆ ಮಾತ್ರ ನಿಂತಿದೆ. ತೆನೆಗಳು ಒಣಗಿ ತಲೆ ಬಗ್ಗಿಸಿದ್ದವು. ಒಂದನ್ನು ಮುಟ್ಟಿದೆ; ಕಾಳು ಅಂಗೈಗೆ ಉದುರಿತು.

ಮಾವ ಬದುವಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು. ಪಕ್ಕದಲ್ಲಿ ಇನ್ನೂ ಹದಿಮೂರು ಕುಡುಗೋಲು.

“ಯಾಕೆ ಮಾವ ಇನ್ನೂ ಕೊಯ್ದಿಲ್ಲ?”

“ಮುಯ್ಯಾಳು ಬತ್ತಾರಲ್ಲ ಕಣವ್ವ.”

“ಯಾರು?”

ಅವರು ನನ್ನ ಮುಖ ನೋಡಿದ ರೀತಿಯಲ್ಲೇ ನನಗೆ ಅರ್ಥವಾಯಿತು. ನಾನೂ ಬದುವಿನ ಮೇಲೆ ಕೂತೆ.

“ನೀನೇ ಹೇಳಿದ್ದಲ್ವಾ, ಕಾಗದ ಓದಿ? ಹದಿನಾಕು ಜನ ಅಂತ ಹುಚ್ಚಣ್ಣ ಅಂದ. ಅದಕ್ಕೇ ಹದಿನಾಕು ಮಾಡಿಸ್ದೆ.”

“ಮಾವ, ಅದು ಮಾತಿಗೆ ಹೇಳಿದ್ದು. ಅವರು ಹಾಡೋಕೆ ಬರೋದು. ಊರಿಗೆ ಬರೋದು ಪಟ್ಟಿಯಲ್ಲೇ ಇಲ್ಲ.”

ಮಾವ ಮಸೆಯೋದು ನಿಲ್ಲಿಸಲಿಲ್ಲ. “ನಾವೂ ಬಾರ್ಸೋಕೆ ಹೋಗಿದ್ದು. ಆಲೂಗಡ್ಡೆ ಕೀಳಲಿಲ್ವಾ?”

ಅತ್ತೆ ಮನೆಯ ಕಡೆಯಿಂದ ಕಾಫಿ ತಂದರು. “ಹೇಳಿ ಹೇಳಿ ನನಗೆ ಸಾಕಾಗೈತೆ. ದಿನಾ ಎರಡು ಸೇರು ನೆಲಕ್ಕೆ ಉದುರ್ತಾ ಐತೆ. ಮಾಲೇಕಲ್ಲು ಬೆಟ್ಟದ ಕಡೆ ನೋಡು ಮೋಡ ಹೆಂಗ್ ಕಟ್ಟೈತೆ. ನಾಕು ಆಳು ಕರೀರಿ ಅಂದ್ರೆ, ಕರೆದುಬಿಟ್ರೆ ಅವರು ಬಂದಾಗ ಏನು ಕೊಯ್ತಾರೆ ಅಂತಾರೆ ನಿಮ್ಮಾವ.”

“ಆಳು ನಾನೇ ಕಳಿಸ್ತೀನಿ ಮಾವ, ನಾಳೆನೇ,” ಅಂದೆ.

“ಬ್ಯಾಡ.”

ಆಮೇಲೆ ಅವರು ಹೇಳಿದ್ದನ್ನು ನಾನು ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ. ಈ ಹೊಲ ನಲವತ್ತು ವರ್ಷದ ಹಿಂದೆ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ್ದು. ಮೊದಲ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಆ ವರ್ಷ ಪಕ್ಕದ ಹೊಲದ ದೇವೀರಪ್ಪನವರ ತಂದೆ, ‘ಬಾರೋ, ನೀನೂ ಈಗ ಹೊಲದವನು, ಮುಯ್ಯಿ ಮಾಡೋಣ’ ಅಂದಿದ್ದರಂತೆ. ಮಾವನೂ ಅತ್ತೆಯೂ ನಾಲ್ಕು ದಿನ ಅವರ ಹೊಲದಲ್ಲಿ ಕೊಯ್ದರು. ಇವರ ಸರದಿ ಬಂದಾಗ ಆ ಮನೆಯಿಂದ ಯಾರೂ ಬರಲಿಲ್ಲ. ಎರಡು ಮೊರ ರಾಗಿ ಕಳಿಸಿಕೊಟ್ಟರು.

“ಆಳು ಕೇಳಿದ್ರೆ ಕಾಳು ಕೊಟ್ರು,” ಅಂದರು ಮಾವ. “ನಮ್ಮ ಹೊಲದಲ್ಲಿ ಬಗ್ಗಿ ಕೊಯ್ಯೋಕೆ ಆಗದು ಅಂತ ತಾನೆ? ಅವತ್ತಿಂದ ಕೂಲಿಗೆ ಹೋಗಿವ್ನಿ, ಮುಯ್ಯಿಗೆ ನಮ್ಮ ಕೇರಿ ಬಿಟ್ಟು ಯಾರ ಹೊಲಕ್ಕೂ ಹೋಗಿಲ್ಲ. ಈಗ ಈ ಹಾಡೋ ಜನದ ಹೊಲಕ್ಕೆ ಹೋದೆ. ಬತ್ತಾರೋ ಇಲ್ವೋ ನೋಡೋಣ.”

ದೇವೀರಪ್ಪನವರು ಆ ಹೊತ್ತಿಗೇ ತಮ್ಮ ತೆಂಗಿನ ತೋಟದಿಂದ ಬೈಕಿನಲ್ಲಿ ಬಂದರು. ಮಾವ ವಿದೇಶಕ್ಕೆ ಹೋಗಿ ಬಂದ ಮೇಲೆ ಅವರ ಬಾಯಲ್ಲಿ ‘ಕರಿಯ’ ಹೋಗಿ ‘ಕರಿಯಯ್ಯ’ ಆಗಿತ್ತು.

“ಏನು ಕರಿಯಯ್ಯ, ಫಾರಿನ್ನಿಂದ ಮೆಷಿನ್ ಬತ್ತಾ ಐತಾ?”

“ಜನನೇ ಬತ್ತಾರೆ ದೇವೀರಪ್ನೋರೆ.”

“ಬರ್ಲಿ ಬರ್ಲಿ. ಹಕ್ಕಿಗೂ ಒಂದಿಷ್ಟು ಉಳಿದ್ರೆ ಒಳ್ಳೇದೇ,” ಅಂತ ನಕ್ಕು ಹೋದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇನ್ನು ನಾಲ್ಕು ದಿನದಲ್ಲಿ ಹದಿನಾಲ್ಕು ಜನ ಈ ಹೊಲಕ್ಕೆ ಬರದಿದ್ದರೆ ಉದುರಿ ಹೋಗೋದು ರಾಗಿ ಮಾತ್ರ ಅಲ್ಲ ಅಂತ ಗೊತ್ತಾಯಿತು.

ಸೋಮವಾರ ನಮ್ಮ ಸಾಹೇಬರು ಚಿದಂಬರ ಅವರ ಟೇಬಲ್ಲಿನ ಮುಂದೆ ನಿಂತೆ. ಮೃದು ಮನುಷ್ಯ, ಆದರೆ ಕಾಗದಕ್ಕೆ ಹೆದರುವವರು.

“ಸಾರ್, ಅತಿಥಿಗಳನ್ನ ಒಂದು ಬೆಳಿಗ್ಗೆ ಗಂಡಸಿ ಕಡೆ ಕರಕೊಂಡು ಹೋಗಬಹುದಾ?”

“ಏನಿದೆ ಅಲ್ಲಿ?”

“ರಾಗಿ ಕೊಯ್ಲು, ಸಾರ್.”

“ನೋಡೋಕಾ?”

“ಕೊಯ್ಯೋಕೆ.”

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಎಲ್ಲವನ್ನೂ ಹೇಳಿದೆ, ಪರಸ್ಪರತೆಯಿಂದ ಶುರು ಮಾಡಿ. ಒಪ್ಪಿಗೆ ಪತ್ರದ ಮೂರನೇ ಪುಟವನ್ನೂ ಮುಂದಿಟ್ಟೆ.

“ಸಮಾನತೆ ಮತ್ತು ಪರಸ್ಪರತೆ,” ಅಂತ ಅವರು ಎರಡು ಸಲ ಓದಿಕೊಂಡರು. “ಇದಕ್ಕೆ ಮುಯ್ಯಿ ಅಂತ ಅರ್ಥ ಹೇಳಿದ್ರಾ? ತಪ್ಪು ಅನ್ನೋಕೂ ಆಗಲ್ಲ ನೋಡ್ರೀ. ಆದ್ರೆ ಅತಿಥಿಗಳ ಕೈಗೆ ಕುಡುಗೋಲು ಕೊಟ್ಟು, ಯಾರಾದ್ರೂ ಬೆರಳು ಕೊಯ್ಕೊಂಡ್ರೆ ಯಾರ ತಲೆ ಹೋಗುತ್ತೆ? ಕರೆಸಿ ದುಡಿಸಿಕೊಂಡ್ರು ಅಂತ ಪೇಪರಲ್ಲಿ ಬಂದ್ರೆ? ನಾವು ಕೇಳೋ ಹಾಗೇ ಇಲ್ಲ.”

“ಅವರೇ ಕೇಳಿದ್ರೆ ಸಾರ್?”

“ಅವರಾಗಿ ಕೇಳಿ, ಬರೆದುಕೊಟ್ಟರೆ ಬೇರೆ ಮಾತು. ಆದ್ರೆ ನೀವು ಬಾಯಿ ಬಿಡಬಾರದು. ನಿಮ್ಮ ಮಾವನ ಹೊಲ ಅದು, ನಾಳೆ ಆಡ್ಕೋತಾರೆ.”

ಅದು ನಿಜ. ಒಪ್ಪಿದೆ.

ಬುಧವಾರ ಅತಿಥಿಗಳ ಬಸ್ಸು ಹಾಸನದಿಂದ ಹೊರಟು ಹಗರೆಯಲ್ಲಿ ಚಹಾಕ್ಕೆ ನಿಂತಾಗ ಚಿದಂಬರ ಸಾಹೇಬರು ಇನ್ನೊಮ್ಮೆ, “ನೆನಪಿದೆಯಲ್ಲ?” ಅಂದರು. ನೆನಪಿತ್ತು. ಹಳೇಬೀಡಿನ ದೇವಸ್ಥಾನದ ಜಗಲಿಯ ಮೇಲೆ ಅಲ್ದೋನಾ ನನ್ನ ಪಕ್ಕದಲ್ಲೇ ಕೂತಳು. ಅರವತ್ತು ದಾಟಿದ ಹೆಂಗಸು, ಗಟ್ಟಿ ಕೈ, ಮೊದಲು ಶಾಲೆಯಲ್ಲಿ ಇಂಗ್ಲಿಷ್ ಮೇಡಮ್ಮಾಗಿದ್ದವಳು. ಗೋಡೆಯ ಮೇಲಿನ ಆನೆಗಳ ಸಾಲಿಗೆ ಬೆರಳು ತೋರಿಸುತ್ತ ನಲವತ್ತರವರೆಗೆ ಎಣಿಸಿ ಸಾಕು ಮಾಡಿ, “ಕರಿಯಯ್ಯ ಹೇಗಿದ್ದಾರೆ?” ಅಂತ ಕೇಳಿದಳು.

ಸಾಹೇಬರು ಎರಡು ಮಾರು ದೂರದಲ್ಲಿದ್ದರು. “ಚೆನ್ನಾಗಿದ್ದಾರೆ,” ಅಂದೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬರೆಯದೆ ಬಂದೆ ಅಂತ ಹರ್ಷಿತಾ ಹೇಳಿದಾಗೆಲ್ಲ ಬೈಯುತ್ತಿದ್ದೆ. ಅದು ಹೇಗಿರುತ್ತದೆ ಅಂತ ಅವತ್ತು ತಿಳಿಯಿತು.

ಮಧ್ಯಾಹ್ನ ಬೇಲೂರಿನ ಒಂದು ಹೋಟೆಲಿನಲ್ಲಿ ಎರಡೂ ತಂಡಗಳಿಗೆ ಒಟ್ಟಿಗೆ ಊಟ. ನಮ್ಮ ಎಂಟು ಜನ ಬಸ್ಸು ಹಿಡಿದು ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದರು. ಅಲ್ದೋನಾ ಮಾವನ ಎರಡೂ ಕೈ ಹಿಡಿದು ಕುಲುಕಿದಳು. ಹುಚ್ಚಣ್ಣ ಕಂಡಕೂಡಲೇ ಅವರ ಕಡೆಯ ಇಬ್ಬರು ತಲೆಕೂದಲು ಒಣಗಿಸುವ ಯಂತ್ರದ ಸದ್ದು ಮಾಡಿ ನಕ್ಕರು. ಮಾವನ ಎದುರು ಅಲ್ದೋನಾ, ಮಧ್ಯೆ ನಾನು, ನನ್ನ ಎಡಕ್ಕೆ ಸಾಹೇಬರು ಕೂತೆವು. ಪೂರಿ, ಆಲೂಗಡ್ಡೆ ಪಲ್ಯ ಬಂತು.

ಮಾವ ಪೂರಿ ಮುಟ್ಟಲಿಲ್ಲ. ಅಂಗಿಯ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. ಬಿಚ್ಚಿ ಮೂರು ರಾಗಿ ತೆನೆಗಳನ್ನು ಅವಳ ಅಂಗೈಗೆ ಇಟ್ಟರು. ಸಾಹೇಬರ ಕೈ ಅರ್ಧಕ್ಕೇ ನಿಂತಿತು.

ಅಲ್ದೋನಾ ಹೊಲದ ಮನೆಯಲ್ಲಿ ಹುಟ್ಟಿದವಳು. ತೆನೆಯನ್ನು ಎರಡೂ ಅಂಗೈ ನಡುವೆ ಉಜ್ಜಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದಳು.

“ಇದು ಬಲಿತು ವಾರದ ಮೇಲಾಗಿದೆ. ಯಾಕೆ ಇನ್ನೂ ಕೊಯ್ದಿಲ್ಲ?”

ಅದನ್ನು ಕನ್ನಡಕ್ಕೆ ಹೇಳಿದೆ. ಸಾಹೇಬರು ನನ್ನ ಬಾಯನ್ನೇ ನೋಡುತ್ತಿದ್ದರು.

“ಮುಯ್ಯಾಳಿಗೆ ಕಾಯ್ತಾ ಇವ್ನಿ ಅನ್ನು,” ಅಂದರು ಮಾವ.

ಆಗಸ್ಟಿನಲ್ಲಿ ಇಂಗ್ಲಿಷಿಗೆ ಕನ್ನಡ ಸಿಗದೆ ಒದ್ದಾಡಿದ್ದೆ. ಈಗ ಅದೇ ದಾರಿಯಲ್ಲಿ ವಾಪಸು ಹೋಗಬೇಕಾಗಿತ್ತು. ‘ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡೋಕೆ ಬರುವವರು’ ಅಂತ ಹೇಗೋ ಸುತ್ತಿ ಬಳಸಿ ಹೇಳಿದೆ.

“ಅವರು ಯಾರು?”

“ಯಾರು ಅಂತ ಕೇಳ್ತಾ ಇದ್ದಾರೆ ಮಾವ.”

ಮಾವ ಕೈ ಚಾಚಿ ಅವಳ ತಟ್ಟೆಯಲ್ಲಿದ್ದ ಆಲೂಗಡ್ಡೆ ಪಲ್ಯಕ್ಕೆ ಬೆರಳು ತೋರಿಸಿದರು. ಆಮೇಲೆ ಬಗ್ಗಿ, ಎರಡೂ ಕೈಯಿಂದ ಗಾಳಿಯಲ್ಲೇ ಮಣ್ಣು ಕೆದಕಿದರು.

ಅಲ್ದೋನಾ ಪಲ್ಯ ನೋಡಿದಳು. ತೆನೆ ನೋಡಿದಳು. ಮಾವನ ಮುಖ ನೋಡಿದಳು. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತು ತನ್ನ ಜನರ ಕಡೆ ತಿರುಗಿ, “ಟಾಲ್ಕಾ,” ಅಂದಳು. ಆಮೇಲೆ ಅವರ ಭಾಷೆಯಲ್ಲಿ ಎರಡು ನಿಮಿಷ ಏನೋ ಹೇಳಿದಳು. ಹದಿಮೂರು ಜನ ಊಟ ಬಿಟ್ಟು ಬಂದು ಆ ಮೂರು ತೆನೆಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

“ನಮ್ಮಲ್ಲೂ ಇದಿದೆ,” ಅಂತ ಅವಳು ನನಗೆ ಹೇಳಿದಳು. “ಟಾಲ್ಕಾ ಅಂತೀವಿ. ಒಬ್ಬರ ಹೊಲಕ್ಕೆ ಊರವರೆಲ್ಲ ಸೇರಿ ಕೆಲಸ ಮಾಡೋದು. ಅವರು ಎಂಟು ಜನ ನಮ್ಮಲ್ಲಿ ದುಡಿದು ಹೋದರು, ನಾವು ಇಲ್ಲಿ ಪೂರಿ ತಿನ್ನುತ್ತಾ ಕೂತಿದ್ದೀವಿ. ಯಾಕೆ ಯಾರೂ ಹೇಳಲಿಲ್ಲ?”

ನಾನು ಸಾಹೇಬರನ್ನು ನೋಡಿದೆ. ಅವರು ಮೊಸರಿನ ಬಟ್ಟಲನ್ನು ನೋಡಿದರು.

ಅಲ್ದೋನಾಗೆ ನನ್ನ ಉತ್ತರ ಬೇಕಾಗಿರಲಿಲ್ಲ. ಕಾರ್ಯಕ್ರಮದ ಪಟ್ಟಿಯನ್ನು ಚೀಲದಿಂದ ತೆಗೆದಳು. “ನಾಳೆ ಬೆಳಿಗ್ಗೆ ಖರೀದಿ ಅಂತ ಹಾಕಿದ್ದೀರಿ. ನಮಗೆ ಖರೀದಿ ಬೇಡ,” ಅಂತ ಸಾಹೇಬರಿಗೆ ನೇರವಾಗಿ ಹೇಳಿ, ಪಟ್ಟಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಳು. ಹದಿನಾಲ್ಕು ಸಹಿ ಬಿದ್ದವು. ಒಂದರ ಮೇಲೆ ಪಲ್ಯದ ಅರಿಸಿನವೂ ಬಿತ್ತು.

ಸಾಹೇಬರು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. “ನೀವು ಬಾಯಿ ಬಿಡಲಿಲ್ಲ ಅಲ್ವಾ ಮಾಲಿನಿ?”

“ಭಾಷಾಂತರ ಮಾತ್ರ ಸಾರ್.”

ಮಾವ ಆಗ ಪೂರಿ ಮುರಿದರು. ಏಳು ತಿಂದರು.

ಮರುದಿನ ಏಳು ಗಂಟೆಗೆಲ್ಲ ಬಸ್ಸು ಹೊಲದ ದಾರಿಯ ತುದಿಯಲ್ಲಿ ನಿಂತಿತು. ಮೋಡ ಹಾಗೇ ಕವಿದಿತ್ತು, ಹನಿ ಬಿದ್ದಿರಲಿಲ್ಲ. ತಮಟೆ ತಂಡದ ಉಳಿದ ಏಳೂ ಜನ ಮೊದಲೇ ಬಂದಿದ್ದರು. ಮಾವ ಒಗೆದ ಪಂಚೆ ಉಟ್ಟು ಬದುವಿನ ಮೇಲೆ ನಿಂತು, ಒಬ್ಬೊಬ್ಬರಿಗೂ ಎರಡೂ ಕೈಯಿಂದ ಕುಡುಗೋಲು ಕೊಟ್ಟರು. ಸಾಹೇಬರು ಪ್ರತಿ ಕುಡುಗೋಲು ಕೈ ಬದಲಾಯಿಸಿದಾಗಲೂ, “ನಿಧಾನ, ನಿಧಾನ,” ಅಂದರು. ಅವರ ಜೇಬಿನಲ್ಲಿ ಅರ್ಧ ಔಷಧಿ ಅಂಗಡಿ ಇತ್ತು.

“ಮೊದಲ ಸಾಲು ನಂದು,” ಅಂದರು ಮಾವ. “ಹೊಲದೋನು ನಾನು.”

ಅವರ ಪಕ್ಕದ ಸಾಲು ಅಲ್ದೋನಾ ಹಿಡಿದಳು. ಅವಳಿಗೆ ರಾಗಿ ಹೊಸದು, ಕುಡುಗೋಲು ಹೊಸದಲ್ಲ. ಎಡಗೈಯಲ್ಲಿ ಹಿಡಿ ತುಂಬ ತೆನೆ ಹಿಡಿದು ಬುಡಕ್ಕೆ ಕುಡುಗೋಲು ಹಾಕಿದ್ದನ್ನು ನೋಡಿ ಅತ್ತೆ, “ಇವಳಿಗೆ ಹೇಳಿಕೊಡೋದು ಏನೂ ಇಲ್ಲ ಬುಡು,” ಅಂದು ಬೇರೆಯವರ ಕಡೆ ಹೋದರು. ಬೇರೆಯವರಿಗೆ ಹೇಳಿಕೊಡೋದು ಬೇಕಾದಷ್ಟಿತ್ತು. ಕೈಗೆ ಗವಸು ಹಾಕಿಕೊಂಡು ಬಂದಿದ್ದ ಒಬ್ಬನ ಗವಸು ಕಿತ್ತು ಬದುವಿನ ಮೇಲೆಸೆದರು. ಇನ್ನೊಬ್ಬಳು ತೆನೆ ಮಾತ್ರ ಕೊಯ್ದು ಹುಲ್ಲು ಬಿಟ್ಟು ಹೋಗುತ್ತಿದ್ದಳು. “ದನ ಏನು ತಿನ್ನಬೇಕು ತಾಯಿ, ನಿನ್ನ ತಲೆಯಾ?” ಅಂದರು. ಅವಳು ನನ್ನ ಕಡೆ ನೋಡಿದಳು. “ಹುಲ್ಲೂ ಬೇಕಂತೆ,” ಅಂದೆ.

ಸ್ವಲ್ಪ ಹೊತ್ತಿಗೆ ಅವರು ಹಾಡೋಕೆ ಶುರು ಮಾಡಿದರು. ಇಬ್ಬರು ಒಂದು ಹಾಡು ಹಿಡಿದರೆ ಇನ್ನಿಬ್ಬರು ಅದರ ಮೇಲೇ ಇನ್ನೊಂದು ಹಾಡುತ್ತಿದ್ದರು. ಎರಡೂ ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಹೋಗುತ್ತಿದ್ದವು. “ಜಗಳ ಆಡ್ತಾ ಅವ್ರಾ?” ಅಂತ ಹುಚ್ಚಣ್ಣ ಕೇಳಿದ. ಆಮೇಲೆ ಅವನ ಕೈಯೂ ಆ ಲೆಕ್ಕಕ್ಕೇ ಕೊಯ್ಯುತ್ತಿದ್ದುದನ್ನು ನೋಡಿದೆ. ಬಸ್ಸಿನ ಡ್ರೈವರ್ ಮರಿಯಣ್ಣ ಸುಮ್ಮನೆ ಕೂರಲಾಗದೆ ಇಳಿದು ಬಂದು ಕಂತೆ ಕಟ್ಟತೊಡಗಿದ. ಒಂಬತ್ತರ ಹೊತ್ತಿಗೆ ಚಿದಂಬರ ಸಾಹೇಬರೂ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ ಒಂದು ಸಾಲು ಹಿಡಿದರು. “ನಮ್ಮಜ್ಜನ ಹೊಲದಲ್ಲಿ ಕೊಯ್ದಿದ್ದೆ, ನಾಲ್ಕನೇ ಕ್ಲಾಸಲ್ಲಿ,” ಅಂದರು, ಯಾರೂ ಕೇಳದಿದ್ದರೂ. ಎಲ್ಲರೂ ಇಳಿದ ಮೇಲೆ ನಾನು ಸೀರೆ ಎತ್ತಿ ಕಟ್ಟದೆ ಇರಲಾದೀತೆ?

ದೇವೀರಪ್ಪನವರು ಬಂದಾಗ ಅರ್ಧಕ್ಕಿಂತ ಹೆಚ್ಚು ಕೊಯ್ದಾಗಿತ್ತು. ಬೈಕು ನಿಲ್ಲಿಸಿ ಬದುವಿನ ಮೇಲೆ ನಿಂತರು. ಕೆಂಪು ಮುಖದ, ಬಿಳಿ ಕೂದಲಿನ ಹೆಂಗಸರು ಗಂಡಸರು ಸಾಲಾಗಿ ಬಗ್ಗಿ ಕರಿಯಯ್ಯನ ರಾಗಿ ಕೊಯ್ಯುತ್ತಿದ್ದರು. ಆಮೇಲೆ ತೋಟಕ್ಕೆ ಹೋಗಿ ಒಂದು ಮೂಟೆ ಎಳನೀರು ತಂದು ಇಳಿಸಿದರು. ಎಲ್ಲರಿಗೂ ತಾವೇ ಕೆತ್ತಿ ಕೊಟ್ಟರು, ಮಾವನಿಗೂ. ಮಾವ ಬೇಡ ಅನ್ನದೆ ಕುಡಿದರು.

“ಕರಿಯಯ್ಯ,” ಅಂದರು ದೇವೀರಪ್ಪನವರು, ತಗ್ಗಿದ ದನಿಯಲ್ಲಿ. “ಕೆರೆ ಹಿಂದಿನ ನಮ್ಮ ತಡ ರಾಗಿ ಇನ್ನೂ ನಿಂತೈತೆ. ಇವರನ್ನ ಹಂಗೇ ಒಂದು ಗಳಿಗೆ ಆ ಕಡೆ ಕಳಿಸ್ತೀಯಾ?”

ಮಾವ ಬಾಯಿ ಒರೆಸಿಕೊಂಡರು. “ನಿಮಗೂ ಅವರಿಗೂ ಮುಯ್ಯಿ ಐತಾ?”

ಹುಚ್ಚಣ್ಣ ಕಂತೆಯ ಹಿಂದೆ ಮುಖ ಮರೆಸಿಕೊಂಡ. ದೇವೀರಪ್ಪನವರು ಮಚ್ಚಿನ ಅಂಚು ಒರೆಸಿದರು. ಆಮೇಲೆ ಅವರಿಗೇ ನಗು ಬಂತು. “ಇಲ್ಲ ಬುಡಪ್ಪ,” ಅಂದರು. ಖಾಲಿ ಬುರುಡೆಗಳನ್ನು ಒಂದು ಕಡೆ ಗುಡ್ಡೆ ಹಾಕಿ ಹೊರಟರು. ಅದಕ್ಕಿಂತ ಹೆಚ್ಚು ಅವತ್ತು ಆಗಲಿಲ್ಲ.

ಹನ್ನೊಂದೂವರೆಗೆ ಕೊನೆಯ ಕಂತೆ ಮೆದೆಗೆ ಬಿತ್ತು. ಬೆರಳು ಹತ್ತಕ್ಕೆ ಹತ್ತೂ ಎಲ್ಲರಲ್ಲೂ ಇವೆ ಅಂತ ಸಾಹೇಬರು ಖಾತ್ರಿ ಮಾಡಿಕೊಂಡರು. ಮುದ್ದೆಯೂ ಅವರೆಕಾಯಿ ಸಾರೂ ಬಂತು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಹುಚ್ಚಣ್ಣ ಅಭಿನಯ ಮಾಡಿ ತೋರಿಸಿದ. ಅದನ್ನು ನೋಡಿ ಒಬ್ಬ ಹೆದರಿ ಬರೀ ಸಾರು ಕುಡಿದ.

ಊಟದ ನಡುವೆ ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು. “ನಾವು ಎಂಟಾಳು, ಪೂರಾ ದಿನ. ಇವರು ಹದಿನಾಕು, ಅರ್ಧ ದಿನ. ಅಲ್ಲಿಗೆ ಏಳಾಯ್ತು. ಇನ್ನೊಂದು ಆಳು ಇವರ ಮೇಲೈತೆ.”

ನಾನು ಅಲ್ದೋನಾಗೆ ಹೇಳಿದೆ. ಅವಳು ತಲೆಯಾಡಿಸಿ, ಇಬ್ಬರು ಸಂಜೆವರೆಗೆ ಉಳಿದರೆ ಸರಿಹೋಗುತ್ತಾ ಅಂತ ಕೇಳಿದಳು.

“ಬ್ಯಾಡ ಬ್ಯಾಡ,” ಅಂದರು ಮಾವ. “ಒಂದಾಳು ಇರ್ಲಿ ಅನ್ನು. ಪೂರಾ ತೀರಿಸಿಬಿಟ್ರೆ ಆಮ್ಯಾಕೆ ಯಾಕೆ ಬತ್ತಾರೆ?” ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ನೋಡಿರಲಿಲ್ಲ. ನಲವತ್ತು ವರ್ಷ ಆಳು ಬರಲಿಲ್ಲ ಅಂತ ಕೊರಗಿದ ಮನುಷ್ಯ ಈಗ ಬರಬೇಕಾದ ಒಂದಾಳನ್ನು ತಾನಾಗಿ ಉಳಿಸಿಕೊಳ್ಳುತ್ತಿದ್ದರು.

ಸಾರು ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದೇ ನಿಂತರು. “ತಡೀರಿ. ಬಸ್ಸಲ್ಲಿ ಬಂದೋರೆಲ್ಲ ಅವರ ಕಡೇರೇ ತಾನೆ?”

“ಹೂಂ, ಮತ್ತೆ?” ಅಂದರು ಮಾವ.

“ಹಂಗಾದ್ರೆ ಡ್ರೈವರಪ್ಪ ಕಂತೆ ಕಟ್ಟಲಿಲ್ವಾ? ಸಾಹೇಬ್ರು ಒಂದು ಸಾಲು ಕೊಯ್ಲಿಲ್ವಾ? ಅರ್ಧ ಅರ್ಧ ಸೇರಿ ಒಂದಾಯ್ತು. ಎಂಟಕ್ಕೆ ಎಂಟು ತೀರ್ತು.” ಸೌಟು ನನ್ನ ಕಡೆ ತಿರುಗಿತು. “ಇವಳೂ ಕೊಯ್ದವ್ಳೆ.”

“ನಾನು ಈ ಮನೆಯವಳು ಅತ್ತೆ,” ಅಂದೆ.

“ಇವತ್ತು ಯಾವ ಬಸ್ಸಲ್ಲಿ ಬಂದೆ?”

ಮರಿಯಣ್ಣ, “ಮೂರನೇ ಸೀಟು, ಕಿಟಕಿ ಪಕ್ಕ,” ಅಂತ ಸಾಕ್ಷಿ ಹೇಳಿದ.

“ನೋಡಿದ್ರಾ. ಅರ್ಧ ಆಳು ನಮ್ಮ ಮೇಲೆ ಬಿತ್ತು,” ಅಂದರು ಅತ್ತೆ. “ಅದನ್ನ ನಾನು ಹೋಗಿ ತೀರಿಸ್ತೀನಿ. ಮನೇಲಿ ಯಾರು ಹೋದ್ರೂ ಆಯ್ತದೆ.”

ಮಾವನ ಕೈ ಮುದ್ದೆಯ ಮೇಲೇ ನಿಂತಿತು. “ಅರ್ಧ ಆಳಿಗೆ ಅಷ್ಟು ದೂರ ಹೋಯ್ತೀಯಾ?”

“ನೀವು ಹೋಗಿದ್ದಾಗ ಹತ್ತು ದಿನ ಈ ಹೊಲ, ಎರಡು ಹಸ, ಯಾರು ನೋಡ್ಕಂಡ್ರು? ನಾನು ತಮಟೆ ಬಾರಿಸಲ್ಲ, ಅದಕ್ಕೇ ಕಾಗದದಲ್ಲಿ ನನ್ನ ಹೆಸರು ಬರಲಿಲ್ಲ. ಆಲೂಗಡ್ಡೆ ಕೀಳೋಕೆ ತಮಟೆ ಯಾಕೆ ಬೇಕು?”

ಸಾಹೇಬರು ಕೆಮ್ಮಿದರು. ನೀತಿಯಲ್ಲಿ ಇದಕ್ಕೆ ಅವಕಾಶ ಇದೆಯೇ ಅಂತ ಅವರು ಯೋಚಿಸುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಮುಂದಿನ ಸಲದ ತಂಡದಲ್ಲಿ ಹಾಡುವ ಹೆಂಗಸರೂ ಇರಬೇಕು ಅಂತ ಒಂದು ಸಾಲಿದೆ ಅಂತ ನನಗೆ ಗೊತ್ತಿತ್ತು. ನಾಲ್ಕನೇ ಪುಟ. ಅತ್ತೆ ರಾಗಿ ಬೀಸುವಾಗ ಹಾಡುವುದು ಅರ್ಧ ಕೇರಿಗೆ ಕೇಳಿಸುತ್ತದೆ. ಈ ಸಲ ಬಾಯಿ ಬಿಡಬಾರದು ಅಂತ ಯಾರೂ ಹೇಳಿರಲಿಲ್ಲ. ಸಾಹೇಬರ ಕಿವಿಯಲ್ಲಿ ಪುಟದ ನಂಬರು ಹೇಳಿದೆ.

ಅವರು ಮೊಬೈಲಿನಲ್ಲಿ ಆ ಪುಟ ತೆಗೆದು ಓದಿದರು. ಆಮೇಲೆ ಇನ್ನೊಮ್ಮೆ ಓದಿದರು. “ಪಾಸ್‌ಪೋರ್ಟ್ ಇದೆಯಾ ಅಮ್ಮಾ?”

“ಆಧಾರ್ ಕಾರ್ಡ್ ಐತೆ. ರೇಷನ್ ಕಾರ್ಡ್ ಐತೆ. ಅದೊಂದು ಮಾಡಿಸಿಕೊಡಿ,” ಅಂದರು ಅತ್ತೆ. ಆಮೇಲೆ ಅಲ್ದೋನಾಳ ಪಕ್ಕ ಬಂದು ಕೂತು, ತಮ್ಮ ಎರಡೂ ಮಂಡಿಗಳನ್ನು ಅವಳಿಗೆ ತೋರಿಸಿ, ನನಗೆ ಹೇಳಿದರು:

“ಕೇಳವ್ವ. ಅವರು ಆಲೂಗಡ್ಡೆ ಬಗ್ಗಿ ಕೀಳ್ತಾರೋ ಕೂತ್ಕಂಡು ಕೀಳ್ತಾರೋ ಅಂತ.”

ನಾನು ಕೇಳಿದೆ. ಅಲ್ದೋನಾ ನೀರಿನ ಬಕೆಟ್ಟಿನಲ್ಲಿದ್ದ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಅದರ ಮೇಲೆ ಅತ್ತೆಯನ್ನು ಕೂರಿಸಿದಳು. ಅತ್ತೆ ಕೂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ನೋಡಿದರು.

“ಆಯ್ತದೆ,” ಅಂದರು.